ಎಂಟು ಸಾವಿರದ ನಾನೂರು ಕಿಲೋಮೀಟರಿಗೆ ಐದು ಉಂಡೆ

"ಅಳತೆ ನನ್ನ ಮೇಲೆ ಬಿಡಿ!"

ಸರ್ವೇಯರರು ಹೀಗೆ ಘೋಷಿಸಿ ಊಟದ ಮೇಜಿನ ಮೇಲೆ ಅಂಗೈ ಬಡಿದ ರಭಸಕ್ಕೆ ನೀರಿನ ಲೋಟ ನೆಗೆದು ಕೂತಿತು. ಹೆಂಡತಿ ಲೋಟವನ್ನು ದೂರ ಸರಿಸಿದಳು. ಅತ್ತೆ ತಲೆ ಎತ್ತಲಿಲ್ಲ. ಅವರ ಕೈಯಲ್ಲಿ ಎರಡು ಕಡ್ಡಿಗಳು ಎಂದಿನಂತೆ ಟಕಟಕ ಆಡುತ್ತಿದ್ದವು.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸರ್ವೇಯರರ ಅಳತೆ ತಪ್ಪಿದ್ದೇ ಇಲ್ಲ. ಹಾಗೆಂದು ಊರು ಹೇಳದಿದ್ದರೂ ಅವರೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ಇಬ್ಬರು ನೆರೆಯವರ ಜಗಳದಲ್ಲಿ, ಕಟ್ಟಿ ಮುಗಿದ ಕಾಂಪೌಂಡ್ ಗೋಡೆ ಅರ್ಧ ಇಂಚು ಆಚೆ ಹೋಗಿದೆ ಎಂದು ಪೂರ್ತಿ ಒಡೆಸಿದ್ದರು. ಅಂದಿನಿಂದ ಕಚೇರಿಯಲ್ಲಿ ಇವರ ಬೆನ್ನ ಹಿಂದಿನ ಹೆಸರು 'ಅರ್ಧ ಇಂಚು'. ಅದು ಕಿವಿಗೆ ಬಿದ್ದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಿರುದು ಸಿಕ್ಕವರಂತೆ ಕತ್ತು ನೆಟ್ಟಗೆ ಮಾಡಿಕೊಂಡು ಓಡಾಡಿದರು!

ಈಗ ಅಳೆಯಬೇಕಾಗಿ ಬಂದದ್ದು ಗೋಡೆಯಲ್ಲ, ಆಕಾಶ.

ನಡೆದದ್ದಿಷ್ಟು. ಸಮುದ್ರದಾಚೆ, ಎಷ್ಟೋ ದೇಶಗಳಾಚೆ ಇರುವ ನಾದಿನಿಗೆ ಮದುವೆಯಾಗಿ ಹತ್ತು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತ್ತು. "ಅಮ್ಮ ಬರಬೇಕು, ಅಮ್ಮ ಬಂದು ಎತ್ತಿಕೊಳ್ಳಬೇಕು" ಎಂದು ಅವಳು ದಿನಾ ಫೋನಿನಲ್ಲಿ ಅಳುತ್ತಿದ್ದಳು. ಅಮ್ಮನಿಗೂ ಹೋಗುವ ಆಸೆ ಬೆಟ್ಟದಷ್ಟು. ಆದರೆ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋಗುವಾಗಲೇ ಕಣ್ಣು ಮುಚ್ಚಿ ಮಗಳ ಸೆರಗು ಹಿಡಿಯುವ ಹೆಂಗಸು ಅವರು. ಎರಡು ಸಲ ಟಿಕೆಟ್ ತೆಗೆಸಿ, ಎರಡು ಸಲವೂ ಹಿಂದಿನ ದಿನ "ನನ್ನ ಕೈಲಾಗಲ್ಲ ಕಣೆ" ಎಂದು ಕೂತುಬಿಟ್ಟಿದ್ದರು.

ಮೂರನೆಯ ಸಲ ತಾವೇ ಒಂದು ದಾರಿ ಕಂಡುಕೊಂಡರು.

"ನನ್ನ ಕೈಗೆ ಕೆಲಸ ಇದ್ರೆ ಭಯ ಹತ್ರ ಸುಳಿಯಲ್ಲ. ನಿಮ್ಮ ಮಾವನ ಆಪರೇಷನ್ ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತು ಒಂದೂವರೆ ಸ್ವೆಟರ್ ಹೆಣೆದವಳು ನಾನು. ವಿಮಾನ ಹತ್ತಿದಾಗಿಂದ ಇಳಿಯೋವರೆಗೆ ನೂಲಿದ್ರೆ ಸರಿ. ಮಗೂಗೆ ಒಂದು ಹೊದಿಕೆನೂ ಆಗುತ್ತೆ. ಆದ್ರೆ ಒಂದು ಮಾತು ಅಳಿಯಂದಿರೇ, ನಡು ದಾರೀಲಿ ನೂಲು ಮುಗಿದ್ರೆ ನಾನು ಎದ್ದು ಬಾಗಿಲ ಹತ್ರ ಹೋಗ್ತೀನಿ. ಆಮೇಲೆ ನನ್ನನ್ನ ಯಾರೂ ಬಯ್ಯಬಾರದು!"

ಹೆಂಡತಿ ಶಾಲೆಯ ಮೇಡಂ. ಪರೀಕ್ಷೆಯ ದಿನಗಳಾದ್ದರಿಂದ ಅವಳಿಗೆ ರಜೆ ಇಲ್ಲ. ಸರ್ವೇಯರರ ಖಾತೆಯಲ್ಲಿ ನೂರ ಹದಿನಾಲ್ಕು ದಿನದ ರಜೆ ಕೊಳೆಯುತ್ತ ಬಿದ್ದಿತ್ತು. ಹಾಗಾಗಿ ಅತ್ತೆಯನ್ನು ಕರೆದೊಯ್ಯುವ ಮಹತ್ಕಾರ್ಯ ಅವರ ಹೆಗಲಿಗೆ ಬಿತ್ತು. ಜೊತೆಗೆ ಎಷ್ಟು ನೂಲು ಎಂಬ ಲೆಕ್ಕವೂ.

"ಅದಕ್ಕೆ ಲೆಕ್ಕ ಯಾಕ್ರೀ? ಹದಿನೈದು ಉಂಡೆ ಚೀಲಕ್ಕೆ ತುಂಬಿದ್ರಾಯ್ತು" ಎಂದಳು ಹೆಂಡತಿ.

"ತುಂಬಿದ್ರಾಯ್ತು! ಲೆಕ್ಕ ಬರದವರು ಹೇಳೋ ಮಾತು ಇದು. ಕೈಚೀಲದಲ್ಲಿ ಔಷಧಿ ಇಡಬೇಕು, ಕನ್ನಡಕ ಇಡಬೇಕು, ಕಾಗದ ಪತ್ರ ಇಡಬೇಕು. ಎಲ್ಲಾ ಕಡೆ ಉಣ್ಣೆ ತುರುಕಿಕೊಂಡು ಹೋಗೋಕೆ ನಾವೇನು ಕುರಿ ವ್ಯಾಪಾರಿಗಳಾ? ನಾಳೆ ನಿಮ್ಮ ಶಾಲೆಯ ಭೂಗೋಳ ತಗೊಂಡು ಬಾ."

ಗೋಳ ಬಂತು. ಎಷ್ಟೋ ತಲೆಮಾರಿನ ಮಕ್ಕಳು ತಿರುಗಿಸಿ ತಿರುಗಿಸಿ ಮಹಾಸಾಗರದ ನಡುವೆ ಒಂದು ಗುಳಿ ಬಿದ್ದಿತ್ತು. ಸರ್ವೇಯರರು ಅಂಗಿಯ ತೋಳು ಮಡಚಿದರು. ಮೊದಲು ನೂಲು ಸುತ್ತಿ ಗೋಳದ ಹೊಟ್ಟೆಯ ಅಳತೆ ತೆಗೆದರು. ನೂರು ಸೆಂಟಿಮೀಟರ್. ಭೂಮಿಯ ಹೊಟ್ಟೆ ನಲವತ್ತು ಸಾವಿರ ಕಿಲೋಮೀಟರ್. ಅಂದರೆ ಸೆಂಟಿಮೀಟರಿಗೆ ನಾನೂರು. ಆಮೇಲೆ ತಮ್ಮ ಊರಿನ ಮೇಲೆ ಎಡಗೈ ಹೆಬ್ಬೆರಳು, ನಾದಿನಿಯ ಊರಿನ ಮೇಲೆ ಬಲಗೈ ಹೆಬ್ಬೆರಳು ಒತ್ತಿ ನೂಲನ್ನು ಬಿಗಿಯಾಗಿ ಎಳೆದರು.

"ನೋಡು, ಸಾಮಾನ್ಯ ಜನ ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೀತಾರೆ. ಪೆದ್ದರು! ಭೂಮಿ ಉರುಟು. ನಿಜವಾದ ನೇರ ದಾರಿ ಹೀಗೆ ಬಾಗಿಕೊಂಡು ಹೋಗುತ್ತೆ. ಇಪ್ಪತ್ತೊಂದು ಸೆಂಟಿಮೀಟರ್. ಎಂಟು ಸಾವಿರದ ನಾನೂರು ಕಿಲೋಮೀಟರ್!"

"ಗುಳಿಯೊಳಗೆ ಇಳಿದು ಹತ್ತಿದ ದೂರನೂ ಸೇರಿಸಿದ್ರಾ?"

"ಎರಡು ಮಿಲಿಮೀಟರ್ ಕಳೆದಿದ್ದೀನಿ" ಎಂದರು ಸರ್ವೇಯರರು ಗಂಭೀರವಾಗಿ.

ವಿಮಾನದ ವೇಗ ಗಂಟೆಗೆ ಒಂಬೈನೂರು. ಪ್ರಯಾಣ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಇನ್ನು ಉಳಿದದ್ದು ಅತ್ತೆಯ ವೇಗ. ಒಂದು ಭಾನುವಾರ ಸರ್ವೇಯರರು ಅತ್ತೆಯ ಎದುರು ಕುರ್ಚಿ ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು, ರೆಪ್ಪೆ ಮಿಟುಕಿಸದೆ ಕೂತರು. ಒಂದು ಉಂಡೆ ಮುಗಿಯಲು ಒಂದು ಗಂಟೆ ಐವತ್ತೆರಡು ನಿಮಿಷ ಹಿಡಿಯಿತು. ಕಾಗದದ ಮೇಲೆ ಭಾಗಾಕಾರ ಮಾಡಿದರು. ಮಾಡಿ, ಕುರ್ಚಿಯಿಂದ ಎದ್ದೇ ಬಿಟ್ಟರು.

"ಐದು! ಸರಿಯಾಗಿ ಐದು ಉಂಡೆ! ಶೇಷ ಸೊನ್ನೆ! ವಿಮಾನದ ಚಕ್ರ ನೆಲ ಮುಟ್ಟೋದೂ ಅತ್ತೆ ಕೊನೇ ಗಂಟು ಹಾಕೋದೂ ಒಂದೇ ಕ್ಷಣ!"

ನಾದಿನಿಯ ಗಂಡ, ಆ ಊರಿನಲ್ಲೇ ಬಸ್ ಓಡಿಸುವ ಷಡ್ಡಕನಿಗೆ ಫೋನು ಹೋಯಿತು. ಲೆಕ್ಕ ಪೂರ್ತಿ ಕೇಳಿಸಿಕೊಂಡು ಆತ ಹೇಳಿದ: "ಅಣ್ಣಾ, ದೂರ ಎಷ್ಟು ಅಂತ ಕೇಳೋದಲ್ಲ, ದಾರಿ ಹೇಗಿದೆ ಅಂತ ಕೇಳ್ಬೇಕು. ನನ್ನ ರೂಟು ನಾಲ್ಕೇ ಕಿಲೋಮೀಟರು. ಸಂಜೆ ಹೊತ್ತು ಐವತ್ತು ನಿಮಿಷ ಆಗುತ್ತೆ."

"ನಿಂದು ರಸ್ತೆ ಕಣಯ್ಯ! ಆಕಾಶದಲ್ಲಿ ಗುಂಡಿ ಇಲ್ಲ, ತಿರುವಿಲ್ಲ, ಸಿಗ್ನಲ್ ಇಲ್ಲ, ಅಡ್ಡ ಬರೋ ಎಮ್ಮೆ ಇಲ್ಲ. ಬಿಟ್ಟ ಬಾಣ ಅದು, ಬಿಟ್ಟ ಬಾಣ!"

ಷಡ್ಡಕ "ಸರಿ ಅಣ್ಣಾ" ಎಂದು ಫೋನಿಟ್ಟ. ಅನುಭವಸ್ಥ ಡ್ರೈವರ್. ಹಾರ್ನ್ ಹೊಡೆದರೂ ಸರಿಯದವರ ಹಿಂದೆ ಸುಮ್ಮನೆ ನಿಲ್ಲುವುದು ಆತನಿಗೆ ಅಭ್ಯಾಸವಾಗಿತ್ತು.

ಹೊರಡುವ ಬೆಳಿಗ್ಗೆ ಒಂದು ಸಣ್ಣ ಗಲಾಟೆಯಾಯಿತು. ಮದುವೆಯಾದ ವರ್ಷ ಅತ್ತೆ ಅಳಿಯನಿಗೆ ಇಟ್ಟಿಗೆ ಬಣ್ಣದ ಒಂದು ಸ್ವೆಟರ್ ಹೆಣೆದು ಕೊಟ್ಟಿದ್ದರು. ಅದು ಪೆಟ್ಟಿಗೆಯ ತಳದಲ್ಲಿ ಅಜ್ಞಾತವಾಸದಲ್ಲಿತ್ತು. ಹೆಂಡತಿ ಅದನ್ನು ಎಳೆದು ತಂದಳು. "ಇವತ್ತಾದ್ರೂ ಹಾಕ್ಕೊಳ್ಳಿ. ಅಮ್ಮನಿಗೆ ಖುಷಿಯಾಗುತ್ತೆ. ವಿಮಾನದಲ್ಲಿ ಚಳಿನೂ ಇರುತ್ತಂತೆ."

ಸರ್ವೇಯರರು ಷರಟಿನ ಮೇಲೆ ತೊಟ್ಟರು. ಹೊಟ್ಟೆಯ ಹತ್ತಿರ ಸ್ವೆಟರಿನ ಗುಂಡಿಗಳು ಮುಷ್ಕರ ಹೂಡಿದವು. ಇಪ್ಪತ್ತು ವರ್ಷದಲ್ಲಿ ಸರ್ಕಾರಿ ಜಮೀನು ಒತ್ತುವರಿ ಆಗದಂತೆ ಕಾದವರು ಸ್ವಂತ ಸೊಂಟದ ಒತ್ತುವರಿಯನ್ನು ಗಮನಿಸಿಯೇ ಇರಲಿಲ್ಲ!

"ಷರಟು ತೆಗೆದು ಹಾಕ್ಕೊಳ್ರೀ. ಬನಿಯನ್ ಮೇಲೆ ಹಿಡಿಯುತ್ತೆ. ಒಳಗೆ ಯಾರು ನೋಡ್ತಾರೆ?"

ಷರಟು ದೊಡ್ಡ ಪೆಟ್ಟಿಗೆಗೆ ಹೋಯಿತು. ಬೀಗ ಹಾಕಿ, ಅದರ ಕೀಲಿಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು, ಇನ್ನೊಂದು ಜೇಬಿಗೆ ಲೆಕ್ಕದ ಚೀಟಿ ಇಟ್ಟುಕೊಂಡು ಸರ್ವೇಯರರು ದಂಡಯಾತ್ರೆಗೆ ಹೊರಟರು.

ಸೀಟು ಮೂರು. ಕಿಟಕಿಯ ಪಕ್ಕ ಅತ್ತೆ, ನಡುವೆ ಸರ್ವೇಯರರು, ಈಚೆ ಒಬ್ಬ ದಪ್ಪ ಮೀಸೆಯ ಸಹಪ್ರಯಾಣಿಕರು. ಕಿಟಕಿಯ ಸೀಟು ಸರ್ವೇಯರರದ್ದೇ ಆಗಿತ್ತು. ಆದರೆ "ನಾನು ದಿನಾ ಭೂಮಿ ನೋಡೋನು, ನನಗೇನು ಹೊಸದು, ನೀವು ಕೂತ್ಕೊಳ್ಳಿ ಅತ್ತೆ" ಎಂದು ತ್ಯಾಗ ಮಾಡಿದ್ದರು. ಅಂದಹಾಗೆ ಅವರಿಗೂ ಇದು ಮೊದಲನೇ ವಿಮಾನ. ಆದರೆ ಆ ವಿಷಯ ಅಷ್ಟೇನೂ ಮುಖ್ಯವಲ್ಲವೆಂದು ಅವರು ಯಾರ ಮುಂದೆಯೂ ಎತ್ತಿರಲಿಲ್ಲ.

ಅತ್ತೆ ಬೆಲ್ಟು ಬಿಗಿದ ಕೂಡಲೇ ಚೀಲದಿಂದ ಬಿದಿರಿನ ಮೊಂಡು ಕಡ್ಡಿಗಳನ್ನು ತೆಗೆದರು. ಮಗಳು ವಿಮಾನದ ಕಂಪನಿಯವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದ ಕಡ್ಡಿಗಳು ಅವು. ಟಕಟಕ ಶುರುವಾಯಿತು.

"ಅತ್ತೆ, ಇನ್ನೂ ಹೊರಟಿಲ್ಲ! ಲೆಕ್ಕ ಶುರುವಾಗೋದು ಚಕ್ರ ನೆಲ ಬಿಟ್ಟ ಮೇಲೆ."

"ನನ್ನ ಭಯ ಬೆಲ್ಟು ಹಾಕಿದಾಗಲೇ ಶುರುವಾಯ್ತು ಅಳಿಯಂದಿರೇ. ಅದಕ್ಕೆ ಚಕ್ರ ಇಲ್ಲ."

ವಿಮಾನ ಹೊರಡಲಿಲ್ಲ. ರನ್‌ವೇ ಮುಂದೆ ಇದರಂಥವೇ ಹತ್ತು ವಿಮಾನಗಳು ಸಾಲಾಗಿ ನಿಂತಿದ್ದವು. ಸಿಗ್ನಲ್ಲೇ ಇಲ್ಲ ಎಂದಿದ್ದ ಆಕಾಶಕ್ಕೆ ಹತ್ತಲು ಐವತ್ತು ನಿಮಿಷದ ಕ್ಯೂ! ಚೀಟಿ ತೆಗೆದು ಸರ್ವೇಯರರು ಮೊದಲ ತಿದ್ದುಪಡಿ ಬರೆದರು. ಅಷ್ಟರಲ್ಲಿ ವಿಮಾನ ಗುಡುಗುತ್ತ ಓಡಿತು. ಮೂಗು ಮೇಲೆತ್ತಿತು.

"ಹೆದರ್ಬೇಡಿ ಅತ್ತೆ! ಏನೂ ಆಗಲ್ಲ! ಇದೆಲ್ಲ ಬರೀ ಕೋನದ ವಿಷಯ! ಹದಿನೈದು ಡಿಗ್ರಿ ಅಷ್ಟೆ!" ಎಂದು ಸರ್ವೇಯರರು ಇಡೀ ವಿಮಾನಕ್ಕೆ ಕೇಳುವಂತೆ ಧೈರ್ಯ ಹೇಳಿದರು. ಧೈರ್ಯ ಸರಿಯಾಗಿ ತಲುಪಲಿ ಎಂದು ಕಣ್ಣು ಮುಚ್ಚಿಕೊಂಡು ಹೇಳಿದರು.

ಕಣ್ಣು ಬಿಟ್ಟಾಗ ಅತ್ತೆ ಒಂದು ಅಂಗೈ ಅಗಲ ಹೆಣೆದಿದ್ದರು.

ಮೊದಲನೇ ಉಂಡೆ ಮುಗಿದಾಗ ಸರ್ವೇಯರರು ಗಡಿಯಾರ ನೋಡಿದರು. ಮತ್ತೆ ನೋಡಿದರು. ಕಿವಿಗೆ ಹಿಡಿದು ನೋಡಿದರು. ಒಂದು ಗಂಟೆ ಹದಿನೈದು ನಿಮಿಷ!

"ಅತ್ತೆ, ಸ್ವಲ್ಪ ನಿಧಾನ... ಮನೇಲಿ ಹೆಣೆದ ಹಾಗೆ ಹೆಣೀರಿ."

"ಮನೇಲಿ ನೀವು ಎದುರಿಗೆ ಗಡಿಯಾರ ಹಿಡ್ಕೊಂಡು ಪೊಲೀಸಿನ ಹಾಗೆ ಕೂತಿದ್ರಿ. ಯಾರ ಕೈ ಓಡುತ್ತೆ ಹೇಳಿ?"

ಪಾಪ, ಭಯಕ್ಕೆ ಕೈ ಹೀಗೆ ಓಡುತ್ತಿದೆ ಎಂದು ಸರ್ವೇಯರರು ಒಳಗೊಳಗೇ ಮರುಗಿದರು. ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಪುಟ್ಟ ಪರದೆಯಲ್ಲಿ ವಿಮಾನದ ದಾರಿ ಕಾಣುತ್ತಿತ್ತು. ನೋಡಿದರು. ತಾವು ನೂಲು ಎಳೆದಿದ್ದ ದಾರಿ ಬಲಗಡೆಗೆ ಬಾಗಬೇಕು. ಪರದೆಯ ಪುಟಾಣಿ ವಿಮಾನ ಮೂತಿಯನ್ನು ಎಡಕ್ಕೆ ತಿರುಗಿಸಿಕೊಂಡು, ಯಾರದೋ ಮನೆಗೆ ನೆಂಟನಾಗಿ ಹೊರಟಂತೆ ಹೋಗುತ್ತಿತ್ತು!

ಗುಂಡಿ ಒತ್ತಿದರು. ಗಗನಸಖಿ ಬಂದಳು.

"ಏನಮ್ಮ, ನಿಮ್ಮ ಪೈಲಟ್ ದಾರಿ ತಪ್ಪಿದ್ದಾನೆ!"

"ಇಲ್ಲ ಸರ್, ಅದೇ ದಾರಿ. ಆ ಕಡೆ ಆಕಾಶ ಮುಚ್ಚಿದ್ದಾರೆ."

"ಆಕಾಶ ಮುಚ್ಚೋಕೆ ಅದೇನು ಅಂಗಡಿನಾ?"

"ಯುದ್ಧದ ಅಭ್ಯಾಸ ನಡೀತಿದೆಯಂತೆ ಸರ್. ಸುತ್ತಿಕೊಂಡು ಹೋಗ್ಬೇಕು. ಎದುರುಗಾಳಿನೂ ಇದೆ."

"ಒಟ್ಟು ಎಷ್ಟು ಹೊತ್ತು?"

"ಇವತ್ತು ಹದಿಮೂರು ಗಂಟೆ ಹತ್ತಿರ ಆಗ್ಬಹುದು ಸರ್. ನಿಮಗೆ ಕುಡಿಯೋಕೆ ಏನಾದ್ರೂ ತರ್ಲಾ?"

"ನೂಲು ಇದೆಯಾ?" ಎಂದುಬಿಟ್ಟರು ಸರ್ವೇಯರರು.

ಗಗನಸಖಿಗೆ ತರಬೇತಿಯಲ್ಲಿ ಎಲ್ಲ ಬಗೆಯ ಪ್ರಯಾಣಿಕರ ಬಗ್ಗೆಯೂ ಹೇಳಿಕೊಟ್ಟಿದ್ದಿರಬೇಕು. ನಗುತ್ತ ಒಂದು ಲೋಟ ನೀರು ತಂದಿಟ್ಟು ಹೋದಳು.

ಆಮೇಲಿನ ಐದು ಗಂಟೆ ಸರ್ವೇಯರರ ಬಾಳಿನಲ್ಲಿ ಅತಿ ಉದ್ದದ ಐದು ಗಂಟೆ. ಎರಡನೇ ಉಂಡೆ ಹೋಯಿತು. ಮೂರನೆಯದು ಕರಗಿತು. ಹೊದಿಕೆ ಅತ್ತೆಯ ಮಡಿಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಮಧ್ಯೆ ಮಧ್ಯೆ ವಿಮಾನ ಹಳ್ಳದ ರಸ್ತೆಯ ಗಾಡಿಯಂತೆ ಕುಲುಕಿತು. ಆಕಾಶದಲ್ಲಿ ಗುಂಡಿ ಇಲ್ಲ ಎಂದವರು ಯಾರು? ಗುಂಡಿಗೊಮ್ಮೆ ಸರ್ವೇಯರರು ಅತ್ತೆಗಾಗಿ ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಅತ್ತೆ ಬಾಗಿಲ ಕಡೆ ಓಡಿದರೆ ಅಡ್ಡ ಹಾಕಬೇಕಲ್ಲ ಎಂದು ಪಾದಗಳನ್ನು ನೆಲಕ್ಕೆ ಒತ್ತಿಟ್ಟುಕೊಂಡರು. ಬೆಳಿಗ್ಗೆ ಕಿಟಕಿಗೆ ಬಂದು ಕೂತ ಸೂರ್ಯ ಮುಳುಗುವ ಮಾತೇ ಆಡದೆ ವಿಮಾನದ ಜೊತೆಜೊತೆಗೇ ಬರುತ್ತಿದ್ದ. ಅವನಿಗೂ ನಾದಿನಿಯ ಮನೆಯಲ್ಲಿ ಕೆಲಸವಿತ್ತೋ ಏನೋ!

ನಾಲ್ಕನೇ ಉಂಡೆ. ಐದನೇ ಉಂಡೆ. ಐದನೆಯದು ನೆಲ್ಲಿಕಾಯಿಯಷ್ಟಾಯಿತು. ಆಮೇಲೆ ಕಡಲೆಕಾಳಿನಷ್ಟಾಯಿತು.

ಪರದೆಯಲ್ಲಿ ಉಳಿದ ದೂರ: ಆರು ಸಾವಿರದ ಇನ್ನೂರು ಕಿಲೋಮೀಟರ್.

ಟಕಟಕ ನಿಂತಿತು.

ಇಷ್ಟು ಹೊತ್ತು ಕೇಳುತ್ತಿದ್ದ ಆ ಸದ್ದು ನಿಂತದ್ದೇ ತಡ, ವಿಮಾನದ ಎಂಜಿನ್ನೇ ನಿಂತಿತೇನೋ ಎಂಬಂತೆ ಸರ್ವೇಯರರ ಎದೆ ಧಸಕ್ಕೆಂದಿತು. ಆ ಹೊತ್ತಿಗೆ ಸರಿಯಾಗಿ ವಿಮಾನ ಇನ್ನೊಮ್ಮೆ ಕುಸಿದಂತಾಗಿ, ಬೆಲ್ಟಿನ ದೀಪ ಹೊತ್ತಿಕೊಂಡಿತು.

"ಅಳಿಯಂದಿರೇ, ನೂಲು ಮುಗೀತು" ಎಂದರು ಅತ್ತೆ.

ಸರ್ವೇಯರರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಎರಡು ಸಲ ರದ್ದಾದ ಟಿಕೆಟ್ಟು, ಫೋನಿನಲ್ಲಿ ಅಳುತ್ತಿದ್ದ ನಾದಿನಿ, ಬಾಗಿಲು, ಬಾಗಿಲಾಚೆಯ ಮೂವತ್ತೈದು ಸಾವಿರ ಅಡಿ, ಎಲ್ಲವೂ ಕಣ್ಣ ಮುಂದೆ ಮೆರವಣಿಗೆ ಹೊರಟವು.

ಅತ್ತೆ ಅಳಿಯನ ಮುಖ ನೋಡಿದರು. ಕೈ ನೋಡಿದರು. ಇನ್ನೊಮ್ಮೆ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಎಡಗೈ ಕೊಡಿ."

"ಏನು?"

"ಸ್ವೆಟರಿಂದು. ನಾನೇ ಹೆಣೆದದ್ದಲ್ವಾ, ಎಲ್ಲಿ ಗಂಟಿದೆ ಅಂತ ನನಗೆ ಗೊತ್ತು. ಕೊಡಿ."

ಕಡ್ಡಿಯ ತುದಿ ಹೆಗಲಿನ ಹೊಲಿಗೆಯೊಳಗೆ ನುಗ್ಗಿತು. ಅತ್ತೆ ಹಲ್ಲಿನಿಂದ ನೂಲು ಕಚ್ಚಿದರು. ನಿಮಿಷದಲ್ಲಿ ಎಡತೋಳು ಸರ್ವೇಯರರಿಂದ ಬೇರೆಯಾಗಿ ಅತ್ತೆಯ ಮಡಿಲಿನಲ್ಲಿ ಮಲಗಿತ್ತು. ಸ್ವೆಟರಿನಿಂದ ಬಿಳಿಯ ಬರಿ ತೋಳೊಂದು ಕಾಲೋನಿಗೆ ಹೊಸದಾಗಿ ಬಂದ ಬಾಡಿಗೆದಾರನಂತೆ ಅಳುಕುತ್ತ ಹೊರಗಿಣುಕಿತು.

"ನಾನು ಎಳೀತೀನಿ, ನೀವು ಸುತ್ತಿ. ಬಿಗಿಯಾಗಿ ಸುತ್ತಬೇಡಿ, ನೂಲಿಗೆ ಉಸಿರಾಡೋಕೆ ಬಿಡಿ. ಅಯ್ಯೋ, ಹಾಗಲ್ಲ! ಸರ್ವೆ ಟೇಪ್ ಅಲ್ಲ ಅದು! ನಾಲ್ಕು ಸುತ್ತು ಹೀಗೆ, ನಾಲ್ಕು ಸುತ್ತು ಹಾಗೆ."

ಸರ್ವೇಯರರು ಸುತ್ತಿದರು. ಮೊದಲ ಉಂಡೆ ಆಲೂಗಡ್ಡೆಯ ಆಕಾರಕ್ಕೆ ಬಂತು. ಅತ್ತೆ ಅದನ್ನು ತಿರುಗಿಸಿ ನೋಡಿ "ಬಿಚ್ಚಿ, ಇನ್ನೊಂದ್ಸಲ" ಎಂದರು. ಎರಡನೇ ಸಲ ಉರುಟಾಯಿತು. ಟಕಟಕ ಮತ್ತೆ ಶುರುವಾಯಿತು. ಸರ್ವೇಯರರು ನಿಟ್ಟುಸಿರು ಬಿಟ್ಟರು. ಅತ್ತೆ ಉಳಿದರು!

ಬಲತೋಳು ಹೋಯಿತು. ಈಚೆ ಸೀಟಿನ ಮೀಸೆಯವರು ಓದುತ್ತಿದ್ದ ಪತ್ರಿಕೆಯನ್ನು ಯಾವಾಗಲೋ ಮಡಚಿಟ್ಟು ಕೈಕಟ್ಟಿ ಕೂತು ನೋಡುತ್ತಿದ್ದರು.

"ನಂದು ಕಾಲುಚೀಲನೂ ಉಣ್ಣೆದೇ. ಬೇಕಾದ್ರೆ ಹೇಳಿ."

"ಬೇಡಪ್ಪ, ಬಣ್ಣ ಸೇರಲ್ಲ" ಎಂದರು ಅತ್ತೆ, ಕಣ್ಣೆತ್ತದೆ.

ಬೆನ್ನಿನ ಸರದಿ ಬಂದಾಗ ಸರ್ವೇಯರರು ಅಂಗೈ ಅಡ್ಡ ಹಿಡಿದರು. "ಅತ್ತೆ, ಒಳಗೆ ಬರೀ ಬನಿಯನ್ನು..."

"ಗೊತ್ತು. ತೋಳಿನ ಸಂದಿಲಿ ಕಾಣ್ತಿದೆ. ತೂತೂ ಇದೆ. ತೆಗೀರಿ."

ಗಗನಸಖಿ ಕರುಣೆಯಿಂದ ಒಂದು ಕಂಬಳಿ ತಂದು ಹೊದಿಸಿದಳು. ಕಂಬಳಿಯೊಳಗಿನಿಂದ ಎರಡು ಕೈ ಮಾತ್ರ ಹೊರಚಾಚಿ ಸರ್ವೇಯರರು ನೂಲು ಸುತ್ತುತ್ತಲೇ ಇದ್ದರು. ಸುತ್ತುತ್ತ ಸುತ್ತುತ್ತ ಅವರೊಳಗಿನ ಅರ್ಧ ಇಂಚು ಎಚ್ಚರವಾಯಿತು. ಒಂದು ಸುತ್ತಿಗೆ ಎಷ್ಟು ಸೆಂಟಿಮೀಟರು, ಒಂದು ತೋಳಿಗೆ ಎಷ್ಟು ಸುತ್ತು ಎಂದು ಎಣಿಸತೊಡಗಿದರು.

"ಅತ್ತೆ, ಒಂದೊಂದು ತೋಳಲ್ಲಿ ನೂರ ಎಂಬತ್ತು ಮೀಟರ್ ನೂಲಿದೆ ಗೊತ್ತಾ! ಮನುಷ್ಯ ಒಂದು ಫುಟ್‌ಬಾಲ್ ಮೈದಾನದ ಸುತ್ತಳತೆನ ಎರಡು ತೋಳಲ್ಲಿ ತೊಟ್ಟುಕೊಂಡು ಓಡಾಡ್ತಾನೆ!"

"ಹೂಂ. ಬಿಡದೆ ಸುತ್ತಿ."

ವಿಮಾನ ಮತ್ತೆ ಕುಲುಕಿತು. ಸಾಮಾನಿನ ಅರೆಗಳು ಗಡಗಡ ಅಂದವು. ಹಿಂದೆ ಯಾರೋ ದೇವರನ್ನು ಕೂಗಿದರು.

"ಇದೇನ್ರೀ, ಎಣಿಕೆ ತಪ್ಪಿಸಿಬಿಟ್ರು!" ಎಂದು ಸರ್ವೇಯರರು ಗೊಣಗಿ, ಇನ್ನೂರ ಹನ್ನೊಂದರಿಂದ ಮತ್ತೆ ಶುರುಮಾಡಿದರು.

ಬೆನ್ನಾಯಿತು. ಎದೆಯಾಯಿತು. ಜೇಬುಗಳಾದವು. ಊರು ಕೆಳಗೆ ಕಾಣತೊಡಗಿದ ಮೇಲೂ ವಿಮಾನ ಇಳಿಯಲಿಲ್ಲ. ಜಾಗ ಸಿಗದ ಕಾರಿನಂತೆ ಅದೇ ಊರಿನ ಮೇಲೆ ಏಳು ಸುತ್ತು ಸುತ್ತಿತು. ಆ ಏಳು ಸುತ್ತಿಗೆ ಕತ್ತುಪಟ್ಟಿ ಬಲಿಯಾಯಿತು. ಕೊನೆಗೂ ಚಕ್ರ ನೆಲ ಮುಟ್ಟಿದಾಗ ಅತ್ತೆ ಕೊನೆಯ ಗಂಟು ಹಾಕಿ, ನೂಲು ಕಚ್ಚಿ, ಕಡ್ಡಿಗಳನ್ನು ಚೀಲದಲ್ಲಿಟ್ಟರು. ಹದಿನಾಲ್ಕು ಗಂಟೆ ಹತ್ತು ನಿಮಿಷ. ಐದು ಉಂಡೆ ಮತ್ತು ಒಬ್ಬ ಸರ್ವೇಯರರ ಸ್ವೆಟರು. ಶೇಷ: ನಾಲ್ಕು ಗುಂಡಿ.

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಫೋಟೊ ನೋಡಿದ, ಎದುರಿಗಿದ್ದ ಕಂಬಳಿಯನ್ನು ನೋಡಿದ.

"ಏನು ಇದು?"

"ನಾನು."

"ಬಟ್ಟೆ?"

ಸರ್ವೇಯರರು ಅತ್ತೆಯ ಹೆಗಲ ಮೇಲೆ ಮೂರು ಮಡಿಕೆಯಾಗಿ ಕೂತಿದ್ದ ಹೊದಿಕೆಯ ಕಡೆ ಬೆರಳು ತೋರಿಸಿದರು. ಅಧಿಕಾರಿ ಇನ್ನೇನನ್ನೂ ಕೇಳಲು ಹೋಗದೆ ಮುದ್ರೆ ಒತ್ತಿದ.

ದೊಡ್ಡ ಪೆಟ್ಟಿಗೆ ಚೊಕ್ಕವಾಗಿ ಬಂತು. ಬೀಗವೂ ಭದ್ರವಾಗಿತ್ತು. ಕೀಲಿ ಸ್ವೆಟರಿನ ಜೇಬಿನಲ್ಲಿತ್ತು. ಜೇಬು ಹೊದಿಕೆಯಲ್ಲಿತ್ತು. ಹಾಗಾದರೆ ಕೀಲಿ? ಅದು ಹದಿನಾಲ್ಕು ಗಂಟೆಯ ಪ್ರಯಾಣದಲ್ಲಿ ಯಾವುದೋ ಸಾಗರದ ಮೇಲೆ, ಯಾವುದೋ ಸೀಟಿನ ಸಂದಿಗೆ ಇಳಿದುಹೋಗಿತ್ತು. ಷರಟಿನಿಂದ ಒಂದು ಅಡಿ ದೂರದಲ್ಲಿ ನಿಂತು ಸರ್ವೇಯರರು ಕಂಬಳಿಯನ್ನು ಇನ್ನಷ್ಟು ಬಿಗಿದುಕೊಂಡರು.

ಹೊರಗೆ ಬಾಗಿಲಲ್ಲಿ ನಾದಿನಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಷಡ್ಡಕ ಬಸ್ಸಿನ ಸಮವಸ್ತ್ರದಲ್ಲೇ ಬಂದಿದ್ದ. ಅಮ್ಮ ಮಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಹೊದಿಕೆ ಹೊದಿಸಿದರು. ಮಗು ಮುಚ್ಚಿದ ಮೇಲೂ ಅದು ಉಳಿದು ನೆಲದ ಮೇಲೆ ಎಳೆದಾಡಿತು.

"ಇದು ಮಗೂಗಾ, ನನ್ನ ಬಸ್ಸಿಗಾ?" ಎಂದ ಷಡ್ಡಕ. ಆಮೇಲೆ ಕಂಬಳಿಯನ್ನು ನೋಡಿ, "ಅಣ್ಣಾ, ನೀವು... ಹೀಗೆ?"

ಸರ್ವೇಯರರು ಇದಕ್ಕೇ ಕಾದಿದ್ದರು. ಕಂಬಳಿಯನ್ನು ಸಾಮ್ರಾಟನ ಉತ್ತರೀಯದಂತೆ ಹೆಗಲ ಮೇಲೆ ಎಸೆದುಕೊಂಡರು. ಬನಿಯನ್ನಿನ ತೂತು ಲೋಕಕ್ಕೆ ದರ್ಶನವಿತ್ತಿತು.

"ಆಕಾಶದವರು ಮೋಸ ಮಾಡಿದರಪ್ಪ! ಅಳತೆಯಲ್ಲಿ ತಪ್ಪಿಲ್ಲ, ದಾರಿಯಲ್ಲಿ ತಪ್ಪು. ನಡು ಆಕಾಶದಲ್ಲಿ ನೂಲು ಮುಗಿದಾಗ ನಿಮ್ಮ ಅತ್ತೆಯ ಮುಖ ನೋಡಬೇಕಿತ್ತು! ಇನ್ನೇನು ಎದ್ದು ಬಾಗಿಲಿಗೆ ಹೋಗೇಬಿಡ್ತಾರೆ ಅನ್ನೋ ಹೊತ್ತು. ಒಂದು ಕ್ಷಣ ಯೋಚಿಸ್ಲಿಲ್ಲ ನಾನು. ಮೈಮೇಲಿದ್ದ ಬಟ್ಟೆನೇ ಬಿಚ್ಚಿಕೊಟ್ಟೆ. ಹೋಗಲಿ ಬಿಡಿ, ಸ್ವೆಟರ್ ಇನ್ನೊಂದು ಬರುತ್ತೆ, ಅತ್ತೆ ಇನ್ನೊಬ್ಬರು ಬರ್ತಾರಾ?"

ನಾದಿನಿಯ ಕಣ್ಣು ತುಂಬಿಬಂತು. "ಅಮ್ಮ, ಅಷ್ಟೊಂದು ಹೆದರಿಬಿಟ್ಯಾ?"

ಅತ್ತೆ ಮಗುವಿನ ಕೆನ್ನೆಯಿಂದ ಕಣ್ಣು ತೆಗೆಯಲಿಲ್ಲ.

"ಹೆದರಿಕೆನಾ? ಅದು ಮೊದಲನೇ ಉಂಡೆ ಮುಗಿಯೋ ಹೊತ್ತಿಗೇ ಹೋಯ್ತು ಕಣೆ. ಕಿಟಕಿಯಾಚೆ ಮೋಡ ನೋಡಿದೆ ನೋಡು, ಎಷ್ಟು ಚೆನ್ನಾಗಿತ್ತು! ಐದನೇದು ಮುಗಿದಾಗ, ಸಾಕು, ಕಡ್ಡಿ ಎತ್ತಿಟ್ಟು ಮೋಡ ನೋಡ್ಕೊಂಡು ಹೋಗೋಣ ಅಂತ ಇವರ ಕಡೆ ತಿರುಗಿದೆ. ಇವರು ಎರಡೂ ಕೈಲಿ ಸೀಟು ಹಿಡ್ಕೊಂಡು ಕೂತಿದ್ರು. ಬೆರಳಲ್ಲಿ ರಕ್ತನೇ ಇಲ್ಲ! ಮುಖ ಸುಣ್ಣದ ಗೋಡೆ! ಕರೆದ್ರೆ ಮಾತಿಲ್ಲ. ಇನ್ನೂ ಅರ್ಧ ದಾರಿ ಹಾಗೇ ಬಾಕಿ ಇತ್ತು. ಏನ್ ಮಾಡ್ಲಿ? ತೋಳು ಬಿಚ್ಚಿ ಕೈಗೊಂದು ಕೆಲಸ ಕೊಟ್ಟೆ. ನೂಲು ಸುತ್ತೋಕೆ ಶುರು ಮಾಡಿದ ಮೇಲೆ ಬಣ್ಣ ಬಂತು ಪಾಪ, ಮಗೂ ಹಾಗೆ ಎಣಿಸ್ಕೊಂಡು ಕೂತಿದ್ರು."

ಸರ್ವೇಯರರು ಹೆಗಲ ಮೇಲಿನ ಉತ್ತರೀಯವನ್ನು ಮೆಲ್ಲಗೆ ಇಳಿಸಿ, ಎದೆಯ ಮೇಲೆ ಎಳೆದುಕೊಂಡು, ಮತ್ತೆ ಕಂಬಳಿ ಮಾಡಿಕೊಂಡರು. ಷಡ್ಡಕ ನಗಲಿಲ್ಲ. ಆದರೆ ಪೆಟ್ಟಿಗೆ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

ಅತ್ತೆ ನಾಲ್ಕು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ನಿಂತು ಕಿರಿಯ ಅಳಿಯನ ಕಡೆ ತಿರುಗಿದರು.

"ನೋಡಪ್ಪ, ವಾಪಸ್ ಹೋಗೋವಾಗ ಇವರಿಗೆ ನಿಂದೊಂದು ಸ್ವೆಟರ್ ಕೊಟ್ಟುಬಿಡು. ದಪ್ಪಂದೇ ಇರ್ಲಿ. ದೂರ ತುಂಬಾ ಇದೆ."